ಮರೆವಿನ ರೋಗಿಗಳ ಆರೈಕೆ ಕೇಂದ್ರಗಳು: ತಪಾಸಣಾ ದಾಖಲೆ ಮತ್ತು ಸುರಕ್ಷತೆ

ವ್ಯಾಪಾರದಲ್ಲಿ ಸರಕಿನ ದೋಷವನ್ನು ಮೊದಲು ಹೇಳುವವನು ಗಿರಾಕಿ. ತೂಕ ಕಡಿಮೆ ಬಂದರೆ, ಬಣ್ಣ ಬಿಟ್ಟರೆ, ಯಂತ್ರ ಕೆಟ್ಟರೆ ಆತ ಅಂಗಡಿಗೆ ಬಂದು ಕೇಳುತ್ತಾನೆ. ಕೇಳದಿದ್ದರೆ ಮುಂದಿನ ಸಲ ಬೇರೆ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ಎರಡರಿಂದಲೂ ವ್ಯಾಪಾರಿಗೆ ತನ್ನ ತಪ್ಪು ತಿಳಿಯುತ್ತದೆ. ಆದರೆ ಗಿರಾಕಿಯೇ ದೂರು ಹೇಳಲಾಗದ ಒಂದು ಸೇವಾ ಉದ್ಯಮ ಈಗ ಜಗತ್ತಿನಾದ್ಯಂತ ಬೆಳೆಯುತ್ತಿದೆ. ಅದು ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಯಿಂದ ಬಳಲುವ ಹಿರಿಯರನ್ನು ಇರಿಸಿಕೊಂಡು ನೋಡಿಕೊಳ್ಳುವ ಆರೈಕೆ ಕೇಂದ್ರಗಳ ಉದ್ಯಮ.

ಮಧ್ಯಾಹ್ನ ಊಟ ಕೊಟ್ಟರೋ ಇಲ್ಲವೋ, ಮಾತ್ರೆಯನ್ನು ಎರಡು ಸಲ ನುಂಗಿಸಿದರೋ, ಮೊಣಕೈಯ ಮೇಲಿನ ಗಾಯ ಹೇಗಾಯಿತು ಎಂಬುದನ್ನು ಅಲ್ಲಿನ ನಿವಾಸಿಯು ಸಂಜೆ ನೋಡಲು ಬಂದ ಮಗನಿಗೆ ಹೇಳಲಾರರು. ಹೇಳಿದರೂ ಅದು ಇಂದಿನ ಮಾತೋ ಹತ್ತು ವರ್ಷದ ಹಿಂದಿನ ಮಾತೋ ಎಂದು ಮಗನಿಗೆ ತಿಳಿಯದು. ಆದುದರಿಂದ ಈ ಉದ್ಯಮದಲ್ಲಿ ಗಿರಾಕಿಯ ದೂರು ಮಾಡಬೇಕಾದ ಕೆಲಸವನ್ನು ಬರೆದಿಟ್ಟ ದಾಖಲೆಯೇ ಮಾಡಬೇಕಾಗುತ್ತದೆ. ತಪಾಸಣಾ ವರದಿಗೆ ಇಲ್ಲಿ ಇರುವ ಮಹತ್ವ ಬೇರೆ ಯಾವ ಉದ್ಯಮದಲ್ಲೂ ಇಲ್ಲವೆಂದರೆ ಅತಿಶಯೋಕ್ತಿಯಾಗದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ 5.7 ಕೋಟಿ ಜನರು ಈ ಕಾಯಿಲೆಗೆ ತುತ್ತಾಗಿದ್ದರು. ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿತು. ಸದಸ್ಯ ಬಾಂಧವರಿಗೆ ಈ ವಿಷಯ ಮೂರು ಬಗೆಯಲ್ಲಿ ಸಂಬಂಧಿಸಿದೆ. ಕೆಲವರು ಇಂತಹ ಕೇಂದ್ರಗಳಲ್ಲಿ ಬಂಡವಾಳ ಹೂಡಲು ಯೋಚಿಸುತ್ತಿರಬಹುದು. ಹಲವರು ಬೀಗ, ಗೀಸರ್, ಮಂಚ, ಶುಚಿಗೊಳಿಸುವ ದ್ರಾವಣ, ಅಗ್ನಿಶಾಮಕ ಸಲಕರಣೆ ಮೊದಲಾದುವನ್ನು ತಯಾರಿಸುವವರು ಅಥವಾ ಮಾರುವವರು. ಉಳಿದಂತೆ ನಾವೆಲ್ಲರೂ ತಂದೆ ತಾಯಿಯರಿರುವ ಮಕ್ಕಳು.

ಅಮೆರಿಕದ ಎರಡು ವ್ಯವಸ್ಥೆಗಳು

ತಪಾಸಣೆಯ ದಾಖಲೆಗಳನ್ನು ವ್ಯವಸ್ಥಿತವಾಗಿ ಇಡುವ ಮತ್ತು ಸಾರ್ವಜನಿಕರ ಮುಂದಿಡುವ ಪದ್ಧತಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ದೀರ್ಘಕಾಲದಿಂದ ಇದೆ. ಅದರ ಗುಣವೂ ದೋಷವೂ ನಮಗೆ ಪಾಠವಾಗಬಲ್ಲವು.

ಅಲ್ಲಿ ಹಿರಿಯರ ಕೇಂದ್ರಗಳು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ದಾದಿಯರ ಶುಶ್ರೂಷೆ ಸದಾ ದೊರೆಯುವ ನರ್ಸಿಂಗ್ ಹೋಂ. ಅವುಗಳ ಅವ್ಯವಸ್ಥೆಯನ್ನು ಕುರಿತು 1986ರಲ್ಲಿ ತಜ್ಞರ ಸಮಿತಿಯೊಂದು ಕಟುವಾದ ವರದಿ ನೀಡಿತು. ಮರುವರ್ಷ, 1987ರಲ್ಲಿ, ಸಂಸತ್ತು ನರ್ಸಿಂಗ್ ಹೋಂ ಸುಧಾರಣಾ ಶಾಸನವನ್ನು ಅಂಗೀಕರಿಸಿತು. ಸರ್ಕಾರದ ವೈದ್ಯಕೀಯ ನೆರವಿನ ಹಣ ಪಡೆಯುವ ಪ್ರತಿ ನರ್ಸಿಂಗ್ ಹೋಂ ಕೇಂದ್ರ ಸರ್ಕಾರದ ನಿಯಮಗಳಿಗೆ ಒಳಪಡಬೇಕು, ರಾಜ್ಯದ ತಪಾಸಕರು ಕೇಂದ್ರದ ಪರವಾಗಿ ಪರಿಶೀಲನೆ ನಡೆಸಬೇಕು ಎಂಬುದು ಅದರ ಸಾರ. ಎರಡು ಪೂರ್ಣ ತಪಾಸಣೆಗಳ ನಡುವೆ 15 ತಿಂಗಳಿಗಿಂತ ಹೆಚ್ಚಿನ ಅಂತರ ಇರಕೂಡದು. ರಾಜ್ಯದ ಸರಾಸರಿ 12 ತಿಂಗಳನ್ನು ಮೀರಕೂಡದು. ತಪಾಸಕರು ಬರುವ ದಿನವನ್ನು ಮುಂಚಿತವಾಗಿ ತಿಳಿಸಿದವರಿಗೆ ದಂಡವುಂಟು.

ಎರಡನೆಯದು ನೆರವಿನೊಡನೆ ವಾಸಿಸುವ ವಸತಿಗೃಹ. ‘ಮೆಮೊರಿ ಕೇರ್’ ಎಂಬ ಹೆಸರಿನಲ್ಲಿ ನಡೆಯುವ ಕೇಂದ್ರಗಳಲ್ಲಿ ಬಹುಪಾಲು ಈ ಗುಂಪಿನವು. ಇವುಗಳಿಗೆ ಕೇಂದ್ರ ಸರ್ಕಾರದ ಒಂದೇ ಸಮನಾದ ನಿಯಮಾವಳಿ ಇಲ್ಲ. 50 ರಾಜ್ಯಗಳು ತಮ್ಮ ತಮ್ಮ ನಿಯಮ, ಪರವಾನಗಿ, ತಪಾಸಣೆಯ ಅವಧಿಗಳನ್ನು ನಿಗದಿ ಮಾಡಿಕೊಂಡಿವೆ. ನರ್ಸಿಂಗ್ ಹೋಂಗಳ ವರದಿಗಳನ್ನು ಕೇಂದ್ರ ಸರ್ಕಾರದ ಒಂದೇ ಜಾಲತಾಣದಲ್ಲಿ ನೋಡಬಹುದು. 2008ರ ಡಿಸೆಂಬರಿನಿಂದ ಅವುಗಳಿಗೆ ಒಂದರಿಂದ ಐದು ನಕ್ಷತ್ರಗಳ ಶ್ರೇಣಿಯನ್ನೂ ನೀಡಲಾಗುತ್ತಿದೆ. ಮೆಮೊರಿ ಕೇರ್ ವಸತಿಗೃಹಗಳ ವರದಿ ಬೇಕಾದರೆ ಆಯಾ ರಾಜ್ಯದ ಇಲಾಖೆಯನ್ನೇ ಹುಡುಕಿ ಹೋಗಬೇಕು. ಒಂದು ರಾಜ್ಯದಲ್ಲಿ ಸುಲಭವಾಗಿ ಸಿಗುವ ಮಾಹಿತಿ ಪಕ್ಕದ ರಾಜ್ಯದಲ್ಲಿ ಅರ್ಜಿ ಹಾಕಿ ಕಾಯ್ದು ಪಡೆಯುವಂತಹುದಾಗಿರಬಹುದು.

ಒಂದು ವರದಿಯನ್ನು ಓದುವ ಬಗೆ

ನರ್ಸಿಂಗ್ ಹೋಂಗಳ ತಪಾಸಣಾ ವರದಿಗೆ ನಿಗದಿತ ನಮೂನೆಯೊಂದಿದೆ. ಅದರ ರಚನೆ ನಮ್ಮ ಜಮಾ-ಖರ್ಚಿನ ವಹಿಯಂತೆ ಎರಡು ಭಾಗದ್ದು. ಎಡಭಾಗದಲ್ಲಿ ತಪಾಸಕರು ಕಂಡ ನ್ಯೂನತೆ: ಯಾವ ನಿಯಮದ ಉಲ್ಲಂಘನೆ, ಯಾವ ದಿನ, ಎಷ್ಟು ಗಂಟೆಗೆ, ಏನನ್ನು ಕಂಡರು, ಯಾರು ಏನು ಹೇಳಿದರು. ನಿವಾಸಿಗಳ ಹೆಸರಿರುವುದಿಲ್ಲ, ‘ನಿವಾಸಿ 1’, ‘ನಿವಾಸಿ 2’ ಎಂದಷ್ಟೇ ಇರುತ್ತದೆ. ಬಲಭಾಗ ಕೇಂದ್ರದ ಆಡಳಿತದವರದು. ಅಲ್ಲಿ ಅವರು ತಿದ್ದುಪಡಿಯ ಕ್ರಮವನ್ನೂ ಅದು ಮುಗಿಯುವ ದಿನಾಂಕವನ್ನೂ ಬರೆಯಬೇಕು. ವರದಿ ಕೈಸೇರಿದ 10 ದಿನಗಳೊಳಗೆ ಈ ಉತ್ತರ ಸಲ್ಲಬೇಕು.

ಪ್ರತಿ ನ್ಯೂನತೆಗೂ ಒಂದು ಅಕ್ಷರ ಅಂಟಿರುತ್ತದೆ. ಹಾನಿಯ ತೀವ್ರತೆಗೆ ನಾಲ್ಕು ಹಂತ, ವ್ಯಾಪ್ತಿಗೆ ಮೂರು ಹಂತ. ಹೀಗೆ ಒಟ್ಟು 12 ಮನೆಗಳು, ‘ಎ’ಯಿಂದ ‘ಎಲ್’ವರೆಗೆ. ಒಂದು ಸ್ನಾನಗೃಹದಲ್ಲಿ ಮಾತ್ರ ನೀರು ಅತಿಯಾಗಿ ಕಾಯುತ್ತಿದ್ದು ಇನ್ನೂ ಯಾರಿಗೂ ಹಾನಿಯಾಗಿಲ್ಲವೆಂದು ಊಹಿಸೋಣ. ಅದು ‘ಡಿ’ ಆಗಬಹುದು. ಅದೇ ದೋಷ ಕಟ್ಟಡದ ಎಲ್ಲ ಸ್ನಾನಗೃಹಗಳಲ್ಲಿದ್ದರೆ ‘ಎಫ್’. ಒಬ್ಬ ನಿವಾಸಿಗೆ ಸುಟ್ಟ ಗಾಯವಾಗಿದ್ದರೆ ‘ಜಿ’. ‘ಜೆ’, ‘ಕೆ’, ‘ಎಲ್’ ಎಂಬ ಕೊನೆಯ ಮೂರು ಅಕ್ಷರಗಳು ಜೀವಕ್ಕೆ ತಕ್ಷಣದ ಅಪಾಯವನ್ನು ಸೂಚಿಸುತ್ತವೆ. ಆ ಅಪಾಯ ನಿವಾರಣೆಯಾಗದಿದ್ದರೆ 23 ದಿನಗಳಲ್ಲಿ ಸರ್ಕಾರದೊಡನೆ ಇರುವ ಒಪ್ಪಂದವೇ ರದ್ದಾಗಬಹುದು. ಉಳಿದ ನ್ಯೂನತೆಗಳು ಮೂರು ತಿಂಗಳಾದರೂ ಸರಿಹೋಗದಿದ್ದರೆ ಹೊಸದಾಗಿ ಸೇರಿಸಿಕೊಂಡವರ ಬಾಬ್ತು ಹಣ ನಿಲ್ಲುತ್ತದೆ. ದಂಡಕ್ಕಿಂತ ಪಾವತಿ ನಿಲ್ಲುವುದು ಉದ್ಯಮಿಗೆ ಬೇಗ ನಾಟುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಇತ್ತೀಚಿನ ವರದಿಯನ್ನು ನಿವಾಸಿಗಳಿಗೂ ಬಂಧುಗಳಿಗೂ ಸುಲಭವಾಗಿ ಕಾಣುವ ಸ್ಥಳದಲ್ಲಿ ಇಡಬೇಕು. ಕೇಳಿದವರಿಗೆ ಹಿಂದಿನ ಮೂರು ವರ್ಷಗಳ ವರದಿಗಳನ್ನು ತೋರಿಸಬೇಕು. ಅಂಗಡಿಯ ಗೋಡೆಯ ಮೇಲೆ ಪರವಾನಗಿ ಪತ್ರವನ್ನು ತೂಗುಹಾಕುವುದು ನಮಗೆ ರೂಢಿ. ತನ್ನ ತಪ್ಪುಗಳ ಪಟ್ಟಿಯನ್ನೂ ಎಲ್ಲರಿಗೆ ಕಾಣುವಂತೆ ಇಡಬೇಕೆಂಬುದು ಬೇರೆಯೇ ಬಗೆಯ ಶಿಸ್ತು.

ತಿದ್ದುಪಡಿಯ ಐದು ಪ್ರಶ್ನೆಗಳು

‘ಸರಿಪಡಿಸಲಾಗಿದೆ’ ಎಂಬ ಒಂದೇ ಪದದ ಉತ್ತರವನ್ನು ಅಲ್ಲಿ ಸ್ವೀಕರಿಸುವುದಿಲ್ಲ. ಐದು ಪ್ರಶ್ನೆಗಳಿಗೆ ಉತ್ತರವಿರಬೇಕು:

1. ತೊಂದರೆಗೊಳಗಾದ ನಿವಾಸಿಗೆ ಏನು ಮಾಡಿದಿರಿ?
2. ಅದೇ ತೊಂದರೆಗೆ ಒಳಗಾಗಬಹುದಾದ ಇತರರನ್ನು ಹೇಗೆ ಗುರುತಿಸಿದಿರಿ?
3. ಮತ್ತೆ ಆಗದಂತೆ ಪದ್ಧತಿಯಲ್ಲಿ ಏನನ್ನು ಬದಲಿಸಿದಿರಿ?
4. ಆ ಬದಲಾವಣೆ ನಡೆಯುತ್ತಿದೆಯೇ ಎಂಬುದನ್ನು ಹೇಗೆ ನೋಡಿಕೊಳ್ಳುವಿರಿ?
5. ಯಾವ ದಿನಾಂಕದೊಳಗೆ ಮುಗಿಯುತ್ತದೆ?

ಸಣ್ಣ ಕೈಗಾರಿಕೆ ನಡೆಸುವ ಯಾರಿಗೇ ಆಗಲಿ ಈ ಐದು ಪ್ರಶ್ನೆಗಳು ಪರಿಚಿತವೆನಿಸುತ್ತವೆ. ದೋಷವಿರುವ ಒಂದು ಬಿಡಿಭಾಗ ವಾಪಸು ಬಂದಾಗ ಆ ಒಂದನ್ನು ಬದಲಿಸಿ ಕೊಟ್ಟು ಸುಮ್ಮನಾಗುವವನಿಗೂ, ಅದೇ ದಿನ ತಯಾರಾದ ಉಳಿದ ಭಾಗಗಳನ್ನೆಲ್ಲ ತೆಗೆದು ನೋಡುವವನಿಗೂ ಇರುವ ವ್ಯತ್ಯಾಸವೇ ಇಲ್ಲಿಯದು.

ತಪಾಸಕರ ಕಣ್ಣು ಬೀಳುವ ಸ್ಥಳಗಳು

ಬಾಗಿಲು: ಮರೆವಿನ ರೋಗಿಯು ತನ್ನ ಹಳೆಯ ಮನೆಗೋ ಕಚೇರಿಗೋ ಹೋಗಬೇಕೆಂದು ಹೊರಟುಬಿಡುವುದು ಸಾಮಾನ್ಯ. ಆದ್ದರಿಂದ ಬಾಗಿಲು ಭದ್ರವಾಗಿರಬೇಕು. ಬೆಂಕಿ ಬಿದ್ದಾಗ ಅದೇ ಬಾಗಿಲು ತೆರೆಯಲೂ ಬೇಕು. ಈ ಎರಡು ಅಗತ್ಯಗಳನ್ನು ಹೊಂದಿಸಲು ಅಮೆರಿಕದ ಅಗ್ನಿ ಸುರಕ್ಷತಾ ಸಂಹಿತೆ ಒಪ್ಪುವ ಉಪಾಯಗಳಲ್ಲಿ ತಡವಾಗಿ ತೆರೆಯುವ ಬೀಗ ಒಂದು. ಬಾಗಿಲನ್ನು ತಳ್ಳಿದೊಡನೆ ಗಂಟೆ ಬಾರಿಸುತ್ತದೆ. 15 ಸೆಕೆಂಡುಗಳಲ್ಲಿ, ವಿಶೇಷ ಅನುಮತಿ ಇದ್ದರೆ 30 ಸೆಕೆಂಡುಗಳಲ್ಲಿ, ಬೀಗ ಬಿಡುತ್ತದೆ. ಅಷ್ಟರೊಳಗೆ ಸಿಬ್ಬಂದಿ ಬಂದು ಸೇರಬೇಕು. ಬೆಂಕಿಯ ಸೂಚನೆ ಬಂದಾಗಲೂ ವಿದ್ಯುತ್ ಹೋದಾಗಲೂ ಬೀಗ ತಾನಾಗಿಯೇ ಬಿಡಬೇಕು. ಹೊರಗಿನಿಂದ ಚಿಲಕ ಹಾಕಿ ಬೀಗ ಜಡಿಯುವುದು ಇದಕ್ಕೆ ಬದಲಿಯಲ್ಲ.

ಬಿಸಿನೀರು: ಕ್ಯಾಲಿಫೋರ್ನಿಯಾದ ನಿಯಮದಂತೆ ನಿವಾಸಿಗಳು ಬಳಸುವ ನಲ್ಲಿಯ ಬಿಸಿನೀರು ಸುಮಾರು 41ರಿಂದ 49 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. 60 ಡಿಗ್ರಿಯ ನೀರು ವಯಸ್ಕರ ಚರ್ಮವನ್ನು ಐದಾರು ಸೆಕೆಂಡುಗಳಲ್ಲಿ ತೀವ್ರವಾಗಿ ಸುಡಬಲ್ಲದು. 49 ಡಿಗ್ರಿಯ ನೀರಿಗೆ ಸುಮಾರು ಐದು ನಿಮಿಷ ಬೇಕು. ವೃದ್ಧರ ಚರ್ಮ ಇನ್ನೂ ತೆಳುವು. ಕೈಯನ್ನು ಹಿಂದೆಗೆಯಬೇಕೆಂಬ ಅರಿವು ತಡವಾಗುವ ರೋಗಿಗೆ ಆ ನಿಮಿಷಗಳೇ ರಕ್ಷಣೆ. ತಪಾಸಕರು ನಲ್ಲಿಯ ಕೆಳಗೆ ಉಷ್ಣಮಾಪಕ ಹಿಡಿದು ನೋಡುತ್ತಾರೆ. ಗೀಸರಿನ ಮೇಲಿನ ಗುರುತನ್ನು ನಂಬುವುದಿಲ್ಲ.

ಶುಚಿಗೊಳಿಸುವ ದ್ರಾವಣಗಳು: 2022ರ ಆಗಸ್ಟ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊ ನಗರದ ಕೇಂದ್ರವೊಂದರಲ್ಲಿ ಮೂವರು ನಿವಾಸಿಗಳಿಗೆ ಹಣ್ಣಿನ ರಸವೆಂದು ಪಾತ್ರೆ ತೊಳೆಯುವ ದ್ರಾವಣವನ್ನು ಕೊಡಲಾಯಿತು. ಸಾವು ಸಂಭವಿಸಿತು. ಮೂಲ ಡಬ್ಬಿಯಿಂದ ಬೇರೆ ಪಾತ್ರೆಗೆ ಸುರಿದ ದ್ರಾವಣಕ್ಕೆ ಹೆಸರಿರುವುದಿಲ್ಲ. ಬಣ್ಣ ನೋಡಿ ಶರಬತ್ತೆಂದು ಬಗೆಯುವ ತಪ್ಪು ರೋಗಿಯಿಂದ ಮಾತ್ರವಲ್ಲ, ಸಿಬ್ಬಂದಿಯಿಂದಲೂ ಆಗಬಹುದು. ಅಗ್ಗವೆಂದು ದೊಡ್ಡ ಕ್ಯಾನುಗಳಲ್ಲಿ ಕೊಂಡು ಹಳೆಯ ಶೀಸೆಗಳಿಗೆ ತುಂಬಿಕೊಳ್ಳುವ ನಮ್ಮ ರೂಢಿಯನ್ನು ಈ ಘಟನೆಯೊಡನೆ ಇಟ್ಟು ನೋಡಬೇಕು.

ಅಗ್ನಿ ಅಭ್ಯಾಸ: ನರ್ಸಿಂಗ್ ಹೋಂಗಳಲ್ಲಿ ಪ್ರತಿ ಪಾಳಿಯಲ್ಲೂ ಮೂರು ತಿಂಗಳಿಗೊಮ್ಮೆ ಅಗ್ನಿ ಅಭ್ಯಾಸ ನಡೆಯಬೇಕು. ಮೂರು ಪಾಳಿ ಇದ್ದರೆ ವರ್ಷಕ್ಕೆ 12. ರಾತ್ರಿ ಪಾಳಿಯನ್ನು ಬಿಟ್ಟು ಹಗಲಿನಲ್ಲೇ ಎಲ್ಲವನ್ನೂ ಮುಗಿಸಿದ್ದರೆ ದಿನಾಂಕಗಳ ಪಕ್ಕದ ಗಂಟೆಯೇ ಅದನ್ನು ಹೊರಗೆಡಹುತ್ತದೆ.

ದಾಖಲೆ ಇದ್ದೂ ವಿಫಲವಾದ ಬಗೆ

ಇಷ್ಟೆಲ್ಲ ಏರ್ಪಾಡಿದ್ದರೂ ಅಮೆರಿಕದಲ್ಲಿ ಲೋಪಗಳು ಕಡಿಮೆಯಿಲ್ಲ. ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯು 2018ರ ಜನವರಿಯಲ್ಲಿ ನೆರವಿನ ವಸತಿಗೃಹಗಳನ್ನು ಕುರಿತು ಪ್ರಕಟಿಸಿದ ವರದಿಯಂತೆ, ವಿಚಾರಿಸಿದ 48 ರಾಜ್ಯಗಳಲ್ಲಿ 26 ರಾಜ್ಯಗಳು ತಮ್ಮಲ್ಲಿ ಎಷ್ಟು ಗಂಭೀರ ಘಟನೆಗಳು ನಡೆದವೆಂಬ ಸಂಖ್ಯೆಯನ್ನೇ ನೀಡಲಾರದೆ ಹೋದವು. ಎಣಿಸದಿದ್ದ ಅಪಘಾತವನ್ನು ತಡೆಯುವ ಯೋಜನೆ ಮಾಡುವುದಾದರೂ ಹೇಗೆ?

ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯು ರಾಜ್ಯಗಳ ತಪಾಸಣಾ ಕಡತಗಳನ್ನೂ ಇತರ ದಾಖಲೆಗಳನ್ನೂ ಒಟ್ಟುಗೂಡಿಸಿ 2023ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯಂತೆ, 2018ರಿಂದೀಚೆಗೆ 2,000ಕ್ಕೂ ಹೆಚ್ಚು ನಿವಾಸಿಗಳು ಇಂತಹ ವಸತಿಗೃಹಗಳಿಂದ ಯಾರ ಗಮನಕ್ಕೂ ಬಾರದೆ ಹೊರಗೆ ಹೋಗಿದ್ದರು ಅಥವಾ ಹೊರಗಡೆ ಒಬ್ಬಂಟಿಯಾಗಿ ಉಳಿದಿದ್ದರು. ಅವರಲ್ಲಿ 98 ಮಂದಿ ಸತ್ತರು. ಬಾಗಿಲಿಗೆ ಗಂಟೆ ಅಳವಡಿಸಿ ಅದನ್ನು ಕೇಳಿ ಎದ್ದು ಹೋಗುವ ಜನರನ್ನು ನೇಮಿಸದಿದ್ದರೆ ಸಲಕರಣೆಯಿಂದ ಪ್ರಯೋಜನವಿಲ್ಲ. ದಾಖಲೆಯಲ್ಲಿ ಮಾತ್ರ ‘ಗಂಟೆ ಅಳವಡಿಸಲಾಗಿದೆ’ ಎಂದಿರುತ್ತದೆ.

ತಪಾಸಣೆ ನಿಂತರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. ಕೋವಿಡ್ ಕಾರಣದಿಂದ 2020ರ ಮಾರ್ಚಿಯಲ್ಲಿ ನರ್ಸಿಂಗ್ ಹೋಂಗಳ ಮಾಮೂಲು ತಪಾಸಣೆಯನ್ನು ಸ್ಥಗಿತಗೊಳಿಸಲಾಯಿತು. 2021ರ ಮೇ ಅಂತ್ಯದ ಹೊತ್ತಿಗೆ ಶೇ. 71ರಷ್ಟು ನರ್ಸಿಂಗ್ ಹೋಂಗಳು 16 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಪೂರ್ಣ ತಪಾಸಣೆಯಿಲ್ಲದೆ ಉಳಿದಿದ್ದವು. ಅಂತಹ ಅವಧಿಯಲ್ಲಿ ಕೇಂದ್ರವು ತಾನೇ ಪ್ರಾಮಾಣಿಕವಾಗಿ ಬರೆದುಕೊಂಡ ದಿನವಹಿಯೊಂದೇ ಆಧಾರ.

ಸಣ್ಣದೆಂಬ ವಿನಾಯಿತಿ

‘ನಮ್ಮದು ಹತ್ತು ಹಾಸಿಗೆಯ ಸಣ್ಣ ಮನೆ, ದೊಡ್ಡ ಆಸ್ಪತ್ರೆಯ ನಿಯಮಗಳು ನಮಗೇಕೆ’ ಎಂಬ ಮಾತು ಸಹಜ. ಜಪಾನಿನ ಅನುಭವ ಇದಕ್ಕೆ ಉತ್ತರ ನೀಡುತ್ತದೆ. ಅಲ್ಲಿ ಮರೆವಿನ ರೋಗಿಗಳಿಗೆಂದೇ ಸಣ್ಣ ಗುಂಪುಮನೆಗಳಿವೆ. 2006ರ ಜನವರಿಯಲ್ಲಿ ನಾಗಸಾಕಿ ಪ್ರಾಂತದ ಓಮುರದ ಗುಂಪುಮನೆಯೊಂದರಲ್ಲಿ ಬೆಂಕಿ ಬಿದ್ದು ಏಳು ಮಂದಿ ಸತ್ತರು. ವಿಸ್ತೀರ್ಣ ಕಡಿಮೆಯಾದುದರಿಂದ ಅಂತಹ ಮನೆಗಳಿಗೆ ನೀರು ಸಿಂಪಡಿಸುವ ಸ್ಪ್ರಿಂಕ್ಲರ್ ಕಡ್ಡಾಯವಾಗಿರಲಿಲ್ಲ. ಅನಂತರ ಮಿತಿಯನ್ನು 275 ಚದರ ಮೀಟರಿಗೆ ಇಳಿಸಲಾಯಿತು. 2013ರ ಫೆಬ್ರವರಿಯಲ್ಲಿ ಅದೇ ಪ್ರಾಂತದ ನಾಗಸಾಕಿ ನಗರದ ಇನ್ನೊಂದು ಗುಂಪುಮನೆಯಲ್ಲಿ ಮತ್ತೆ ಬೆಂಕಿ, ಮತ್ತೆ ಸಾವು. 2015ರ ಏಪ್ರಿಲ್‌ನಿಂದ ವಿಸ್ತೀರ್ಣವನ್ನು ಗಣಿಸದೆ ಇಂತಹ ಮನೆಗಳಿಗೆಲ್ಲ ತಾತ್ತ್ವಿಕವಾಗಿ ಸ್ಪ್ರಿಂಕ್ಲರ್ ಕಡ್ಡಾಯವಾಯಿತು. ಕಟ್ಟಡ ಚಿಕ್ಕದಾದ ಮಾತ್ರಕ್ಕೆ ನಡೆಯಲಾರದ ರೋಗಿಯನ್ನು ಹೊರತರುವ ಕೆಲಸ ಸುಲಭವಾಗುವುದಿಲ್ಲ.

ನಮ್ಮ ರಾಜ್ಯದ ಸ್ಥಿತಿ

ಭಾರತದಲ್ಲಿ ಮರೆವಿನ ಆರೈಕೆ ಕೇಂದ್ರಕ್ಕೆಂದೇ ಪ್ರತ್ಯೇಕವಾದ ರಾಷ್ಟ್ರೀಯ ಪರವಾನಗಿ ಪದ್ಧತಿ ಇಲ್ಲ. ಆದರೆ ನಿಯಮವೇ ಇಲ್ಲವೆಂದು ಭಾವಿಸುವುದು ತಪ್ಪು. ವೈದ್ಯಕೀಯ ಚಿಕಿತ್ಸೆ ನೀಡುವ ಖಾಸಗಿ ಸಂಸ್ಥೆಗಳಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007 ಅನ್ವಯಿಸುತ್ತದೆ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017 ಮಾನಸಿಕ ಅಸ್ವಸ್ಥತೆಯನ್ನು ವಿವರಿಸುವಾಗ ನೆನಪಿನ ಶಕ್ತಿಯ ಗಂಭೀರ ದೋಷವನ್ನೂ ಸೇರಿಸಿಕೊಂಡಿದೆ. ಆದ್ದರಿಂದ ಅಂತಹ ರೋಗಿಗಳನ್ನು ಇರಿಸಿಕೊಳ್ಳುವ ಕೇಂದ್ರವು ತಾನು ಈ ಅಧಿನಿಯಮದಡಿ ನೋಂದಣಿಯಾಗಬೇಕೇ ಎಂಬುದನ್ನು ವಕೀಲರಲ್ಲಿ ಕೇಳಿ ತಿಳಿಯುವುದು ಉಚಿತ. ನೋಂದಣಿಯಾದ ಸಂಸ್ಥೆಗಳನ್ನು ಮೂರು ವರ್ಷಕ್ಕೊಮ್ಮೆ ಪರಿಶೋಧಿಸಬೇಕೆಂದು ಅದು ವಿಧಿಸುತ್ತದೆ. ದೂರಿನ ಮೇಲೆ ತಪಾಸಣೆಗೂ ಅವಕಾಶವಿದೆ. ರಾಷ್ಟ್ರೀಯ ಕಟ್ಟಡ ಸಂಹಿತೆ, 2016 ವೃದ್ಧರ ಹಾಗೂ ಅಶಕ್ತರ ವಸತಿಗಳನ್ನು ಸಾಂಸ್ಥಿಕ ಕಟ್ಟಡಗಳ ವರ್ಗದಲ್ಲಿರಿಸಿದೆ. ಮನೆಯೊಂದನ್ನು ಬಾಡಿಗೆಗೆ ಹಿಡಿದು ಹಾಸಿಗೆಗಳನ್ನು ಹಾಕಿದೊಡನೆ ಅದರ ಸ್ವರೂಪ ವಾಸದ ಮನೆಯದಾಗಿ ಉಳಿಯುವುದಿಲ್ಲ.

ಹಿರಿಯರ ಆರೈಕೆ ಗೃಹಗಳ ನೋಂದಣಿಯನ್ನು ಒಳಗೊಂಡಿದ್ದ ತಿದ್ದುಪಡಿ ಮಸೂದೆಯೊಂದು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿತವಾಗಿತ್ತು. ಅದು ಅಂಗೀಕಾರವಾಗದೆ 2024ರಲ್ಲಿ ಆ ಲೋಕಸಭೆಯ ವಿಸರ್ಜನೆಯೊಡನೆ ಬಿದ್ದುಹೋಯಿತು. ಕಾನೂನು ಬರುವವರೆಗೆ ಕಾಯುವುದೋ, ಅದಕ್ಕೆ ಮುಂಚೆಯೇ ತಾವಾಗಿ ಶಿಸ್ತು ರೂಢಿಸಿಕೊಳ್ಳುವುದೋ ಎಂಬುದು ಉದ್ಯಮದ ಮುಂದಿರುವ ಆಯ್ಕೆ.

ಸದಸ್ಯರು ಮಾಡಬಹುದಾದುದು

ಕೇಂದ್ರ ನಡೆಸುವವರು ಕನಿಷ್ಠ ಐದು ವಹಿಗಳನ್ನು ಇಡುವುದು ಒಳಿತು: ಬಿದ್ದದ್ದು, ಗಾಯ, ಹೊರಗೆ ಹೋದದ್ದು ಇವುಗಳ ಘಟನಾ ವಹಿ, ಔಷಧಿ ನೀಡಿದ ವಹಿ, ಪಾಳಿವಾರು ಸಿಬ್ಬಂದಿ ಹಾಜರಿ, ವಾರಕ್ಕೊಮ್ಮೆ ಪ್ರತಿ ನಲ್ಲಿಯ ನೀರಿನ ಉಷ್ಣತೆ, ಬಾಗಿಲು, ಗಂಟೆ ಮತ್ತು ಅಗ್ನಿ ಅಭ್ಯಾಸದ ವಹಿ. ಪ್ರತಿ ನಮೂದಿಗೂ ದಿನಾಂಕ, ಗಂಟೆ, ಸಹಿ ಇರಬೇಕು. ತಿಂಗಳ ಕೊನೆಗೆ ಒಂದೇ ಶಾಯಿಯಲ್ಲಿ ಒಂದೇ ಕೈಬರಹದಲ್ಲಿ ಮೂವತ್ತು ಸಾಲು ತುಂಬಿದ ವಹಿಯನ್ನು ಯಾವ ತಪಾಸಕರೂ ನಂಬುವುದಿಲ್ಲ. ಹಾಜರಿ ಪುಸ್ತಕ, ಅಪಘಾತದ ದಾಖಲೆಗಳೊಡನೆ ಬದುಕಿರುವ ನಮ್ಮ ಸದಸ್ಯರಿಗೆ ಇದು ಹೊಸ ಮಾತಲ್ಲ.

ಘಟನಾ ವಹಿ ಖಾಲಿ ಇರುವುದು ಹೆಗ್ಗಳಿಕೆಯೆಂದು ತಿಳಿಯಬಾರದು. ಮೂವತ್ತು ವೃದ್ಧರಿರುವ ಮನೆಯಲ್ಲಿ ವರ್ಷವಿಡೀ ಯಾರೂ ಎಡವಲಿಲ್ಲವೆಂದರೆ, ಯಾರೂ ಬರೆಯಲಿಲ್ಲವೆಂದೇ ಅರ್ಥ. ಬರೆದ ಆಯಾಳನ್ನು ಬೈಯುವ ಮಾಲೀಕರ ಮನೆಯಲ್ಲಿ ಮುಂದಿನ ಸಲ ಯಾರೂ ಬರೆಯುವುದಿಲ್ಲ.

ಸರಬರಾಜುದಾರರಿಗೂ ಇಲ್ಲಿ ಹೊಣೆಯಿದೆ, ಅವಕಾಶವೂ ಇದೆ. ವಿದ್ಯುತ್ ಹೋದಾಗ ತೆರೆದುಕೊಳ್ಳುವ ಬೀಗ, ಬಿಸಿನೀರು ತಣ್ಣೀರುಗಳನ್ನು ಬೆರೆಸಿ ಉಷ್ಣತೆಯನ್ನು ಮಿತಿಯಲ್ಲಿಡುವ ಮಿಕ್ಸಿಂಗ್ ವಾಲ್ವ್, ಕನ್ನಡದಲ್ಲಿ ದೊಡ್ಡ ಅಕ್ಷರದ ಎಚ್ಚರಿಕೆಯುಳ್ಳ ಸಣ್ಣ ಡಬ್ಬಿಯ ದ್ರಾವಣ ಇವುಗಳಿಗೆ ಬೇಡಿಕೆ ಬರುವುದು ಖಂಡಿತ. ಮಾರುವಾಗ ಅಳವಡಿಕೆಯ ದಿನಾಂಕ, ಪರೀಕ್ಷೆಯ ಫಲಿತಾಂಶ, ಮುಂದಿನ ಪರಿಶೀಲನೆಯ ದಿನ ಇವಿಷ್ಟನ್ನು ಬರೆದ ಚೀಟಿಯನ್ನು ಜೊತೆಗೆ ಕೊಟ್ಟರೆ ಕೊಂಡವರ ವಹಿಗೂ ಅನುಕೂಲ, ನಾಳೆ ವಿವಾದವಾದರೆ ಮಾರಿದವರಿಗೂ ರಕ್ಷಣೆ.

ತಂದೆಯನ್ನೋ ತಾಯಿಯನ್ನೋ ಸೇರಿಸಲು ಹೋಗುವವರು ತೋಟವನ್ನೂ ನೆಲಹಾಸನ್ನೂ ನೋಡಿ ಮರಳದೆ ಮೂರು ಮಾತು ಕೇಳಬೇಕು. ಕಳೆದ ತಪಾಸಣೆಯ ವರದಿ ತೋರಿಸುವಿರಾ? ಘಟನಾ ವಹಿಯ ಈ ತಿಂಗಳ ಪುಟವನ್ನು, ಹೆಸರುಗಳನ್ನು ಮುಚ್ಚಿಯಾದರೂ, ತೋರಿಸುವಿರಾ? ರಾತ್ರಿ ಎರಡು ಗಂಟೆಗೆ ಇಲ್ಲಿ ಎಚ್ಚರವಾಗಿರುವವರು ಎಷ್ಟು ಜನ? ಉತ್ತರ ಹೇಳುವ ರೀತಿಯಲ್ಲೇ ಬಹಳಷ್ಟು ತಿಳಿಯುತ್ತದೆ.

ಲೆಕ್ಕ ಬರೆಯದ ಅಂಗಡಿಯನ್ನು ನಂಬಿ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಸರಿಯಾದ ವಹಿ ಇಡದ ಕೇಂದ್ರವನ್ನು ನಂಬಿ ಹೆತ್ತವರನ್ನು ಬಿಟ್ಟುಬರುವ ಮುನ್ನ ನಾವು ಅಷ್ಟೇ ಎಚ್ಚರ ವಹಿಸಬೇಕು. ನಾವೇ ಕೇಂದ್ರ ನಡೆಸುವವರಾದರೆ ಆ ವಹಿಯನ್ನು ಕೇಳುವ ಮುನ್ನವೇ ಮೇಜಿನ ಮೇಲಿಡಬೇಕು.